ಚಾರ್ಜ್ ಎಂಬ ಹೊರೆ: ಒಂದು ಇಂಗ್ಲಿಷ್ ಪದದ ಹಲವು ಅರ್ಥಗಳು

ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಗದಗಕ್ಕೆ ಚಾರ್ಜ್ ಎಷ್ಟು ಎಂದು ಕೇಳುತ್ತಾರೆ. ಪಕ್ಕದ ಚಹಾದಂಗಡಿಯಲ್ಲಿ ಮೊಬೈಲನ್ನು ಚಾರ್ಜಿಗೆ ಹಾಕಲು ಜಾಗ ಹುಡುಕುತ್ತಾರೆ. ಅದೇ ಅಂಗಡಿಗೆ ಬಂದ ದಿನಪತ್ರಿಕೆಯ ಒಂದು ಪುಟದಲ್ಲಿ ಲಾಠಿ ಚಾರ್ಜಿನ ಸುದ್ದಿ ಇದ್ದರೆ ಇನ್ನೊಂದು ಪುಟದಲ್ಲಿ ಚಾರ್ಜ್‌ಶೀಟಿನ ಸುದ್ದಿ ಇರುತ್ತದೆ. ಅದನ್ನು ಓದುತ್ತ ಕುಳಿತ ನೌಕರರು ತಮ್ಮ ಕಚೇರಿಗೆ ವರ್ಗವಾಗಿ ಬಂದ ಸಾಹೇಬರು ಯಾವಾಗ ಚಾರ್ಜ್ ತೆಗೆದುಕೊಳ್ಳುತ್ತಾರೆ ಎಂದು ಮಾತನಾಡಿಕೊಳ್ಳುತ್ತಾರೆ. ಇಂಗ್ಲಿಷಿನ ಒಂದೇ ಪದ ಕನ್ನಡದೊಳಗೆ ಐದು ಬಾಗಿಲುಗಳಿಂದ ಬಂದಿದೆ. ಹಣ, ವಿದ್ಯುತ್ತು, ಹೊಡೆತ, ಆರೋಪ, ಅಧಿಕಾರ ಇವು ಐದಕ್ಕೂ ಅದೇ ಹೆಸರು. ಇಷ್ಟು ದೂರದ ಅರ್ಥಗಳು ಒಂದೇ ಪದದಲ್ಲಿ ಹೇಗೆ ಕೂಡಿಕೊಂಡವು, ಯಾವ ಅರ್ಥಕ್ಕೆ ಯಾವ ಸಮಾನಪದ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಕೆಲಸ. ಇದು ಕೇವಲ ಭಾಷಾಪ್ರಿಯರ ವಿಷಯವಲ್ಲ. ಈ ಪದ ಪೊಲೀಸ್ ಠಾಣೆಯ ಕಾಗದದಲ್ಲಿದೆ, ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿದೆ, ಪ್ರತಿ ತಿಂಗಳ ಕರೆಂಟ್ ಬಿಲ್ಲಿನಲ್ಲಿದೆ. ಅಲ್ಲಿ ಅರ್ಥ ತಪ್ಪಿದರೆ ನಷ್ಟವೂ ಆಗುತ್ತದೆ, ಅನ್ಯಾಯವೂ ಆಗುತ್ತದೆ.

ಪದದ ಮೂಲ ಒಂದು ಬಂಡಿ. ಪ್ರಾಚೀನ ಗಾಲ್ ಪ್ರದೇಶದ, ಅಂದರೆ ಇಂದಿನ ಫ್ರಾನ್ಸಿನ ಸುತ್ತಲಿನ ಸೀಮೆಯ, ಜನರ ಮಾತಿನಿಂದ ಲ್ಯಾಟಿನ್ನಿಗೆ 'ಕಾರ್ರುಸ್' ಎಂಬ ಪದ ಬಂತು. ಗಾಲಿಗಳಿರುವ ಸಾಮಾನಿನ ಬಂಡಿ ಎಂಬುದು ಅದರ ಅರ್ಥ. ಬಂಡಿಗೆ ಸಾಮಾನು ಹೇರುವ ಕ್ರಿಯೆ 'ಕಾರ್ರಿಕಾರೆ' ಆಯಿತು. ಅದು ಹಳೆಯ ಫ್ರೆಂಚಿನಲ್ಲಿ ಸವೆದು, ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ 1066ರ ನಂತರದ ಶತಮಾನಗಳಲ್ಲಿ ಇಂಗ್ಲಿಷಿಗೆ ದಾಟಿ 'ಚಾರ್ಜ್' ಎಂದು ನಿಂತಿತು. ನಮ್ಮ ಕಡೆಯ ಚಕ್ಕಡಿಯನ್ನು ಕಣ್ಣ ಮುಂದೆ ತಂದುಕೊಂಡರೆ ಈ ಪದದ ಒಳಗು ಪೂರ್ತಿ ತಿಳಿಯುತ್ತದೆ: ಒಬ್ಬನು ಹೇರುವವನು, ಒಂದು ಹೇರು, ಆ ಹೇರನ್ನು ಹೊರುವ ಒಂದು ಬಂಡಿ. ಮುಂದೆ ಬಂದ ಎಲ್ಲ ಅರ್ಥಗಳಲ್ಲಿಯೂ ಈ ಮೂರು ಇವೆ. ಬದಲಾಗುವುದು ಯಾರು ಹೇರುತ್ತಾರೆ, ಏನನ್ನು ಹೇರುತ್ತಾರೆ, ಯಾರ ಮೇಲೆ ಹೇರುತ್ತಾರೆ ಎಂಬುದು ಮಾತ್ರ. ಕಾರು, ಕ್ಯಾರಿ, ಕಾರ್ಗೋ, ಕ್ಯಾರೇಜ್ ಇವೆಲ್ಲ ಇದೇ ಬಂಡಿಯ ಸಂತಾನ. ವ್ಯಂಗ್ಯಚಿತ್ರಕ್ಕಿರುವ ಕ್ಯಾರಿಕೇಚರ್ ಎಂಬ ಹೆಸರೂ ಇಟಾಲಿಯನ್ನಿನ 'ಹೇರು' ಎಂಬ ಕ್ರಿಯಾಪದದಿಂದಲೇ ಬಂದದ್ದು. ಮುಖದ ಒಂದು ಲಕ್ಷಣದ ಮೇಲೆ ಮಿತಿಮೀರಿ ಭಾರ ಹಾಕಿ ಬರೆದ ಚಿತ್ರ ಎಂದು ಅದರ ಅರ್ಥ.

ಕನ್ನಡದ ಓದುಗನಿಗೆ ಈ ಬೆಳವಣಿಗೆ ಅಪರಿಚಿತವಾಗಿ ತೋರಬೇಕಿಲ್ಲ, ಏಕೆಂದರೆ ನಮ್ಮ ಭಾಷೆಯೂ ಇದೇ ದಾರಿಯಲ್ಲಿ ನಡೆದಿದೆ. ನಾವು ಆರೋಪವನ್ನು 'ಹೊರಿಸುತ್ತೇವೆ'. ತೆರಿಗೆಯನ್ನು 'ಹೇರುತ್ತೇವೆ'. ಹೊಣೆಯನ್ನು 'ಹೊರುತ್ತೇವೆ'. ಅಧಿಕಾರ ವಹಿಸಿಕೊಂಡವನು ಕಾರ್ಯ'ಭಾರ' ಸ್ವೀಕರಿಸುತ್ತಾನೆ, ತಾತ್ಕಾಲಿಕವಾಗಿದ್ದರೆ ಪ್ರ'ಭಾರಿ' ಎನಿಸಿಕೊಳ್ಳುತ್ತಾನೆ. ಸಂಸ್ಕೃತದಿಂದ ಬಂದ 'ಆರೋಪ' ಎಂಬ ಪದಕ್ಕೂ ಏರಿಸುವುದು, ಮೇಲೆ ಇಡುವುದು ಎಂಬುದೇ ಮೊದಲ ಅರ್ಥ. ಇಂಗ್ಲಿಷಿನಲ್ಲಿ ಒಂದೇ ಪದ ಹೊತ್ತುಕೊಂಡದ್ದನ್ನು ಕನ್ನಡ ಹಲವು ಪದಗಳಿಗೆ ಹಂಚಿಕೊಟ್ಟಿದೆ, ಆದರೆ ಹಂಚಿದ ಪದಗಳಲ್ಲಿ ಹೊರೆಯ ಗುರುತನ್ನು ಅಳಿಸಿಲ್ಲ.

ಆಡುಮಾತಿನಲ್ಲಿ ಚಾರ್ಜ್ ಎಂಬ ಪದವನ್ನೇ ಇಟ್ಟುಕೊಂಡಾಗ ಅರ್ಥವನ್ನು ತೋರಿಸುವ ಕೆಲಸವನ್ನು ನಮ್ಮ ಕ್ರಿಯಾಪದಗಳೂ ವಿಭಕ್ತಿಗಳೂ ಮಾಡುತ್ತವೆ. 'ಚಾರ್ಜ್ ಕೊಟ್ಟ' ಎಂದರೆ ಬಸ್ಸಿನಲ್ಲಿ ಒಂದು ಅರ್ಥ, ತಹಶೀಲ್ದಾರರ ಕಚೇರಿಯಲ್ಲಿ ಇನ್ನೊಂದು ಅರ್ಥ. 'ಚಾರ್ಜಿಗೆ ಹಾಕಿದ' ಎಂದರೆ ಫೋನು, 'ಚಾರ್ಜ್ ಹಾಕಿದರು' ಎಂದರೆ ಬ್ಯಾಂಕು. ಎರಡಕ್ಕೂ ನಡುವೆ ಇರುವುದು ಒಂದು ಚತುರ್ಥಿ ಪ್ರತ್ಯಯ ಅಷ್ಟೇ. ಮಾತನಾಡುವವರು ಈ ಸೂಕ್ಷ್ಮವನ್ನು ಎಲ್ಲಿಯೂ ಕಲಿತಿರುವುದಿಲ್ಲ, ಆದರೂ ತಪ್ಪುವುದಿಲ್ಲ. ಕಷ್ಟ ಶುರುವಾಗುವುದು ಬರೆಯುವಾಗ, ಅನುವಾದಿಸುವಾಗ ಮತ್ತು ಇಂಗ್ಲಿಷಿನಲ್ಲಿಯೇ ಹೇಳಬೇಕಾದಾಗ.

ಹಣದ ಅರ್ಥದಿಂದ ಆರಂಭಿಸೋಣ. ಒಬ್ಬರ ಸೇವೆಗೆ ಪ್ರತಿಯಾಗಿ ಇನ್ನೊಬ್ಬರ ಮೇಲೆ ಹಾಕುವ ಹಣದ ಹೊರೆ ಚಾರ್ಜ್. 'ಸೇವೆ' ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ವಸ್ತುವಿನ ಬೆಲೆಗೆ ಇಂಗ್ಲಿಷಿನಲ್ಲಿ ಪ್ರೈಸ್ ಎನ್ನುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕ್ವಿಂಟಲ್ ಮೆಣಸಿನಕಾಯಿಗೆ ಸಿಗುವುದು ಪ್ರೈಸ್, ಅಂದರೆ ದರ ಅಥವಾ ಧಾರಣೆ. ಆ ಚೀಲವನ್ನು ಇಳಿಸಿ, ತೂಗಿ, ಮತ್ತೆ ಹೇರಿದ್ದಕ್ಕೆ ಕೊಡುವ ಹಮಾಲಿ ಮಾತ್ರ ಚಾರ್ಜ್. ಹೊರುವವನು ಎಂಬ ಅರ್ಥದ ಅರಬ್ಬಿ ಪದದಿಂದ ನಮಗೆ ಹಮಾಲ ಬಂದಿದ್ದಾನೆ. ಬಂಡಿಗೆ ಹೇರು ಹೇರುವ ಕೆಲಸ, ಅದಕ್ಕೆ ಕೊಡುವ ಹಣ ಇವೆರಡೂ 'ಹಮಾಲಿ ಚಾರ್ಜ್' ಎಂಬ ಎರಡು ಪದಗಳಲ್ಲಿ ಅಕ್ಕಪಕ್ಕ ನಿಂತಿವೆ. ಚಾರ್ಜ್ ತನ್ನ ಮೂಲಕ್ಕೆ ಇಷ್ಟು ಹತ್ತಿರ ನಿಂತಿರುವ ಬಳಕೆ ಇಂಗ್ಲೆಂಡಿನಲ್ಲಿಯೂ ಸುಲಭಕ್ಕೆ ಸಿಗಲಾರದು.

ಪ್ರಯಾಣಕ್ಕೆ ಕೊಡುವ ಹಣವನ್ನು ನಾವು ಬಸ್ ಚಾರ್ಜ್ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವಾಗ ಅದು ಫೇರ್ ಆಗಬೇಕು. ಪ್ರಯಾಣ ಮಾಡು ಎಂಬ ಅರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದ ಆ ಪದದ ಮೂಲ. ಬೀಳ್ಕೊಡುವಾಗ ಹೇಳುವ ಫೇರ್‌ವೆಲ್ ಎಂಬುದೂ ಚೆನ್ನಾಗಿ ಹೋಗಿ ಎಂಬ ಹಾರೈಕೆಯೇ. ಫೇರ್ ಮತ್ತು ಚಾರ್ಜ್ ಇವುಗಳ ವ್ಯತ್ಯಾಸವನ್ನು ರೈಲ್ವೆ ಇಲಾಖೆ ಅಚ್ಚುಕಟ್ಟಾಗಿ ಕಾಯ್ದುಕೊಂಡಿದೆ. 2003ರಿಂದ ಹುಬ್ಬಳ್ಳಿಯನ್ನೇ ಕೇಂದ್ರವಾಗಿಟ್ಟುಕೊಂಡಿರುವ ನೈಋತ್ಯ ರೈಲ್ವೆಯ ಯಾವುದಾದರೂ ಸೂಪರ್‌ಫಾಸ್ಟ್ ಗಾಡಿಗೆ ಸೀಟು ಕಾಯ್ದಿರಿಸಿ ನೋಡಿದರೆ, ದೂರಕ್ಕೆ ತಕ್ಕ ಫೇರ್ ಒಂದು ಸಾಲಿನಲ್ಲಿರುತ್ತದೆ. ಕಾಯ್ದಿರಿಸಿದ್ದಕ್ಕೆ ರಿಸರ್ವೇಷನ್ ಚಾರ್ಜ್, ವೇಗದ ಗಾಡಿ ಎಂಬುದಕ್ಕೆ ಸೂಪರ್‌ಫಾಸ್ಟ್ ಚಾರ್ಜ್ ಬೇರೆ ಬೇರೆಯಾಗಿರುತ್ತವೆ. ದಾರಿಗೆ ಕೊಡುವುದು ಫೇರ್, ದಾರಿಯ ಜೊತೆಗಿನ ಸೇವೆಗೆ ಕೊಡುವುದು ಚಾರ್ಜ್. ವಕೀಲರಿಗೆ, ವೈದ್ಯರಿಗೆ, ಶಾಲೆಗೆ ಕೊಡುವುದು ಫೀ. ರಸ್ತೆಗೆ, ಸೇತುವೆಗೆ ಕೊಡುವುದು ಟೋಲ್. ಮನೆಗೆ ಕೊಡುವುದು ರೆಂಟ್. ಇವನ್ನು ಒಂದರ ಬದಲು ಇನ್ನೊಂದನ್ನಾಗಿ ಬಳಸಲು ಬರುವುದಿಲ್ಲ, ಆದರೆ ಇವೆಲ್ಲವನ್ನೂ ಒಟ್ಟಾಗಿ ಚಾರ್ಜಸ್ ಎಂದು ಕರೆಯಲು ಅಡ್ಡಿಯಿಲ್ಲ. ಕನ್ನಡದ 'ಶುಲ್ಕ'ವೂ ಹೀಗೆಯೇ ಅಗಲವಾದ ಪದ.

ಹುಬ್ಬಳ್ಳಿಯ ನವನಗರದಲ್ಲಿ ಮುಖ್ಯ ಕಚೇರಿ ಇರುವ ವಿದ್ಯುತ್ ಕಂಪನಿ ಹೆಸ್ಕಾಂ ನಮ್ಮ ಮನೆಗಳಿಗೆ ಕಳುಹಿಸುವ ಬಿಲ್ಲಿನಲ್ಲಿ ಈ ಪದ ಎರಡು ರೂಪದಲ್ಲಿ ಕಾಣುತ್ತದೆ: ನಿಗದಿತ ಶುಲ್ಕ, ಬಳಕೆಯ ಶುಲ್ಕ. ಮೊದಲನೆಯದನ್ನು ಇಂಗ್ಲಿಷಿನಲ್ಲಿ ಫಿಕ್ಸೆಡ್ ಚಾರ್ಜ್, ಎರಡನೆಯದನ್ನು ಎನರ್ಜಿ ಚಾರ್ಜ್ ಎನ್ನುತ್ತಾರೆ. ಊರಿಗೆ ಹೋಗಿ ತಿಂಗಳಿಡೀ ಮನೆಗೆ ಬೀಗ ಹಾಕಿದ್ದರೂ ಬಿಲ್ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಮೊದಲನೆಯದರಲ್ಲಿದೆ. ಅದು ನಾವು ಬಳಸಿದ ವಿದ್ಯುತ್ತಿಗೆ ಹಾಕಿದ್ದಲ್ಲ. ನಮ್ಮ ಮನೆಗೆ ಮಂಜೂರಾದ ಇಷ್ಟು ಕಿಲೋವಾಟ್ ಲೋಡನ್ನು ಯಾವ ಹೊತ್ತಿನಲ್ಲಿ ಕೇಳಿದರೂ ಕೊಡಲು ತಂತಿ, ಟ್ರಾನ್ಸ್‌ಫಾರ್ಮರುಗಳನ್ನು ಸಿದ್ಧವಾಗಿ ಇಟ್ಟಿರುವುದಕ್ಕೆ ಹಾಕಿದ್ದು. ಲೋಡ್ ಎಂದರೂ ಹೊರೆಯೇ, ಚಾರ್ಜ್ ಎಂದರೂ ಹೊರೆಯೇ. ಇಂಥ ಚಾರ್ಜುಗಳ ಇಡೀ ಪಟ್ಟಿಗೆ ಟ್ಯಾರಿಫ್ ಎಂದು ಹೆಸರು. ತಿಳಿಸುವುದು ಎಂಬ ಅರ್ಥದ ಅರಬ್ಬಿ ಪದ ಇಟಾಲಿಯನ್ ಮೂಲಕ ಇಂಗ್ಲಿಷಿಗೆ ಬಂದು ಹಾಗಾಗಿದೆ, ಮತ್ತು ನಮ್ಮಲ್ಲಿ ಅದನ್ನು ನಿರ್ಧರಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ.

ಹಣಕ್ಕೆ ಹತ್ತಿದ ಇನ್ನೊಂದು ಅರ್ಥವಿದೆ. ಪೇಟೆಯವರು ಅದನ್ನು ಹೆಚ್ಚು ಗಮನಿಸುವುದಿಲ್ಲ, ರೈತರಿಗೆ ಚೆನ್ನಾಗಿ ಗೊತ್ತು. ಹೊಲದ ಮೇಲೆ ಸಾಲ ತೆಗೆದಾಗ ಉತಾರದಲ್ಲಿ ಬ್ಯಾಂಕಿನ ಅಥವಾ ಸೊಸೈಟಿಯ ಹೆಸರೂ ಸಾಲದ ಮೊತ್ತವೂ ದಾಖಲಾಗುತ್ತವೆ. ಇಂಗ್ಲಿಷಿನಲ್ಲಿ ಇದು ಆಸ್ತಿಯ ಮೇಲಿನ ಚಾರ್ಜ್. ಧಾರವಾಡ, ಗದಗ, ಹಾವೇರಿ, ಬೆಳಗಾವಿಯ ಕಡೆ ಇದನ್ನು 'ಬೋಜಾ' ಎನ್ನುತ್ತಾರೆ. ಮರಾಠಿಯಿಂದ ಬಂದ ಆ ಪದಕ್ಕೂ ಹೊರೆ ಎಂದೇ ಅರ್ಥ! ಯಾವ ಅನುವಾದಕನೂ ಕುಳಿತು ಇದನ್ನು ಹೊಂದಿಸಲಿಲ್ಲ. ಮುಂಬಯಿ ಪ್ರಾಂತದ ಕಂದಾಯದ ದಫ್ತರಗಳ ಜೊತೆಗೆ ಬಂದ ಮಾತು ಇಂಗ್ಲಿಷಿನ ಮಾತಿಗೆ ತೂಕಕ್ಕೆ ತೂಕ ಸರಿಹೊಂದಿದೆ. ಕಾನೂನಿನ ಪುಸ್ತಕಗಳ ಕನ್ನಡದಲ್ಲಿ ಇದಕ್ಕೆ ಬೇರೆ ಬೇರೆ ಪದಗಳನ್ನು ಪ್ರಯತ್ನಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಬೋಜಾ ಎಂಬುದಕ್ಕಿಂತ ಒಳ್ಳೆಯ ಪದ ನಮಗೆ ಬೇಕಾಗಿಲ್ಲ.

ಇಲ್ಲಿ ಸಮಾನಪದಗಳಂತೆ ಕಾಣುವ ನಾಲ್ಕು ಪದಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಸಾಲದ ಕಾಗದಕ್ಕೆ ಸಹಿ ಹಾಕುವವನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ತಿಳಿದಿರಬೇಕು. ಬಂಗಾರವನ್ನು ಬ್ಯಾಂಕಿನಲ್ಲಿ ಇಟ್ಟು ಸಾಲ ತಂದರೆ ಅದು ಪ್ಲೆಜ್, ನಮ್ಮ ಮಾತಿನ ಗಿರವಿ ಅಥವಾ ಒತ್ತೆ. ವಸ್ತು ನಮ್ಮ ಕೈಬಿಟ್ಟು ಸಾಲ ಕೊಟ್ಟವನ ಕೈ ಸೇರುತ್ತದೆ. ಟ್ರ್ಯಾಕ್ಟರಿನ ಸಾಲದಲ್ಲಿ ಹಾಗಲ್ಲ. ಟ್ರ್ಯಾಕ್ಟರು ನಮ್ಮ ಮನೆಯ ಮುಂದೆಯೇ ನಿಂತಿರುತ್ತದೆ, ನಮ್ಮ ಹೊಲವನ್ನೇ ಉಳುತ್ತದೆ, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಸೇರಿರುತ್ತದೆ, ಇದು ಹೈಪಾಥಿಕೇಶನ್. ಹೊಲ, ಮನೆಯಂಥ ಸ್ಥಿರ ಆಸ್ತಿಯಲ್ಲಿರುವ ಹಿತಾಸಕ್ತಿಯ ಒಂದು ಭಾಗವನ್ನೇ ಸಾಲ ಕೊಟ್ಟವರಿಗೆ ಬರೆದುಕೊಟ್ಟರೆ ಅದು ಮಾರ್ಟ್‌ಗೇಜ್, ಅಂದರೆ ಅಡಮಾನ. ಹಾಗೆ ಏನನ್ನೂ ವರ್ಗಾಯಿಸದೆ, ಈ ಆಸ್ತಿ ಇಂಥ ಹಣಕ್ಕೆ ಭದ್ರತೆ ಎಂದಷ್ಟೇ ಗೊತ್ತುಮಾಡಿದರೆ ಅದು ಚಾರ್ಜ್. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೆಯ ಕಲಮು ಹೇಳುವುದು ಇದನ್ನೇ. ಅಡಮಾನದ ಮಟ್ಟಕ್ಕೆ ಬಾರದ, ಆದರೆ ಆಸ್ತಿಯ ಮೇಲೆ ಕುಳಿತಿರುವ ಹಣದ ಭಾರ ಅದು. ಪಕ್ಷಗಾರರು ತಾವೇ ಒಪ್ಪಿ ಹಾಕಿಕೊಂಡದ್ದಾಗಿರಬಹುದು, ಕಾನೂನೇ ಹಾಕಿದ್ದಾಗಿರಬಹುದು.

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ, ಸಾಹುಕಾರನ ಸಾಲದಿಂದ ರೈತನನ್ನು ಬಿಡಿಸುವುದು ಅದರ ಹಿಂದಿನ ಹಂಬಲವಾಗಿತ್ತು. ಆ ಮಣ್ಣಿನಿಂದ ಹಬ್ಬಿದ ಸೊಸೈಟಿಗಳ ಸಾಲವೇ ಇಂದು ನಮ್ಮ ಸೀಮೆಯ ಎಷ್ಟೋ ಉತಾರಗಳಲ್ಲಿ ಬೋಜಾ ಆಗಿ ದಾಖಲಾಗಿದೆ. ಅದು ಕೆಟ್ಟದ್ದೇನಲ್ಲ, ಬಿತ್ತನೆಗೆ ಹಣ ಬರುವ ದಾರಿ ಅದು. ಮರೆಯಬಾರದ ಸಂಗತಿ ಇಷ್ಟೇ: ಸಾಲ ತೀರಿದ ಮಾತ್ರಕ್ಕೆ ಕಾಗದದ ಮೇಲಿನ ಹೊರೆ ಇಳಿದಿದೆ ಎಂದು ತಿಳಿಯಬಾರದು. ಸಾಲ ತೀರಿದ ಪತ್ರವನ್ನು ಪಡೆದು, ಉತಾರದಲ್ಲಿಯ ಬೋಜಾ ಕಡಿಮೆ ಮಾಡಿಸಿ, ಹೊಸ ಉತಾರ ತೆಗೆದು ನೋಡಿದ ಮೇಲೆಯೇ ಕೆಲಸ ಮುಗಿಯುವುದು. ಇಲ್ಲದಿದ್ದರೆ ಮಕ್ಕಳು ಪಾಲಾಗುವಾಗಲೋ ಹೊಲ ಮಾರುವಾಗಲೋ ಎಂದೋ ತೀರಿದ ಸಾಲ ಮತ್ತೆ ಎದ್ದು ಬಂದು ಅಡ್ಡ ನಿಲ್ಲುತ್ತದೆ.

ಆರೋಪದ ಅರ್ಥಕ್ಕೆ ಬಂದಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಬ್ಬನ ಮೇಲೆ ತಪ್ಪಿನ ಹೊರೆ ಹಾಕುವುದಕ್ಕೆ ಇಂಗ್ಲಿಷಿನಲ್ಲಿ ಹಲವು ಪದಗಳಿವೆ, ಮತ್ತು ಅವುಗಳ ನಡುವಿನ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಬ್ಲೇಮ್ ಎಂದರೆ ದೂರುವುದು. ಅದಕ್ಕೆ ಅಪರಾಧವೇ ಆಗಿರಬೇಕೆಂದಿಲ್ಲ, ಮಳೆಯನ್ನೂ ದೂರಬಹುದು. ಅಲೆಜ್ ಎಂದರೆ ರುಜುವಾತು ಇನ್ನೂ ಇಲ್ಲದ ಒಂದು ಮಾತನ್ನು ಹೇಳುವುದು, ಆಪಾದಿಸುವುದು. ಅಕ್ಯೂಸ್ ಎಂದರೆ ಇಂಥವನೇ ತಪ್ಪುಮಾಡಿದ್ದಾನೆ ಎಂದು ಬೆರಳು ತೋರಿಸುವುದು. ನೆರೆಯವನು ನೆರೆಯವನ ಮೇಲೆ ಇದನ್ನು ಮಾಡಬಹುದು. ಚಾರ್ಜ್ ಮಾತ್ರ ನೆರೆಯವನಿಂದ ಆಗುವ ಕೆಲಸವಲ್ಲ. ಅಧಿಕಾರವುಳ್ಳವರು ವಿಧಿಬದ್ಧವಾಗಿ, ಬರಹದಲ್ಲಿ, ಇಂಥ ಕಾಯ್ದೆಯ ಇಂಥ ಕಲಮಿನಡಿ ಎಂದು ಹೊರಿಸುವ ಆರೋಪ ಅದು.

ನಮ್ಮ ಪತ್ರಿಕೆಗಳಲ್ಲಿ 'ಚಾರ್ಜ್‌ಶೀಟ್ ಸಲ್ಲಿಕೆ' ಎಂಬ ಶೀರ್ಷಿಕೆ ಬಂದ ಕೂಡಲೇ ಓದುಗರು ಅರ್ಧ ತೀರ್ಪು ಕೊಟ್ಟುಬಿಡುತ್ತಾರೆ. ಅದು ಹಾಗಲ್ಲ. ಪೊಲೀಸರು ತನಿಖೆ ಮುಗಿಸಿ ನ್ಯಾಯಾಲಯಕ್ಕೆ ಕೊಡುವ ವರದಿಗೆ ರೂಢಿಯಲ್ಲಿ ಚಾರ್ಜ್‌ಶೀಟ್ ಎನ್ನುತ್ತೇವೆ. ಕಾಯ್ದೆ ಅದನ್ನು ಪೊಲೀಸ್ ವರದಿ ಎಂದು ಕರೆಯುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 173ನೆಯ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 193ನೆಯ ಕಲಮಿನಲ್ಲಿದೆ. ತನಿಖೆ ಮಾಡಿದವರು ತಮಗೆ ಸಿಕ್ಕಿದ್ದನ್ನು ಮುಂದಿಟ್ಟಿದ್ದಾರೆ ಎಂದಷ್ಟೇ ಅದರ ಅರ್ಥ. ನಿಜವಾದ ಚಾರ್ಜ್ ಆಮೇಲೆ ಬರುತ್ತದೆ. ನ್ಯಾಯಾಧೀಶರು ಆ ವರದಿಯನ್ನೂ ದಾಖಲೆಗಳನ್ನೂ ನೋಡಿ, ಎರಡೂ ಕಡೆಯ ವಾದ ಕೇಳಿ, ವಿಚಾರಣೆ ನಡೆಸಲು ಆಧಾರವಿದೆ ಎಂದು ಕಂಡರೆ ಮಾತ್ರ ಆರೋಪವನ್ನು ತಾವೇ ರೂಪಿಸುತ್ತಾರೆ. ಅದನ್ನು ಆರೋಪಿಗೆ ಓದಿ, ತಿಳಿಯುವಂತೆ ವಿವರಿಸಿ, ಒಪ್ಪುತ್ತೀಯೋ ಇಲ್ಲವೋ ಎಂದು ಕೇಳುತ್ತಾರೆ. ಇದು ಚಾರ್ಜ್ ಫ್ರೇಮ್ ಮಾಡುವುದು, ದೋಷಾರೋಪಣೆ. ಅಂದರೆ ಚಾರ್ಜ್‌ಶೀಟ್ ಪೊಲೀಸರದು, ಚಾರ್ಜ್ ನ್ಯಾಯಾಲಯದ್ದು, ಮತ್ತು ಎರಡೂ ತೀರ್ಪಲ್ಲ.

ಈ ಚಾರ್ಜ್‌ಶೀಟಿಗೆ ಅವಧಿಯ ಮಹತ್ವವೂ ಇದೆ. ಆರೋಪಿ ಬಂಧನದಲ್ಲಿದ್ದಾಗ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನಗಳೊಳಗೆ, ಉಳಿದವುಗಳಲ್ಲಿ 60 ದಿನಗಳೊಳಗೆ ತನಿಖೆ ಮುಗಿಯದಿದ್ದರೆ ಆರೋಪಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ. 'ಚಾರ್ಜ್‌ಶೀಟ್ ತಡವಾಯಿತು, ಜಾಮೀನು ಸಿಕ್ಕಿತು' ಎಂಬ ಸುದ್ದಿಯ ಹಿಂದೆ ಇರುವುದು ಈ ನಿಯಮವೇ ಹೊರತು ನ್ಯಾಯಾಲಯದ ಔದಾರ್ಯವಲ್ಲ. ಚಾರ್ಜ್‌ಶೀಟಿನಲ್ಲಿ ಹುರುಳೇ ಇಲ್ಲ ಎಂದು ಆರೋಪಿಗೆ ಅನಿಸಿದರೆ ಅದನ್ನು ರದ್ದುಪಡಿಸಲು ಹೈಕೋರ್ಟನ್ನು ಕೇಳಬಹುದು. ನಮ್ಮ ಸೀಮೆಯವರು ಅದಕ್ಕಾಗಿ ಮೊದಲು ಬೆಂಗಳೂರಿಗೆ ಹೋಗಬೇಕಿತ್ತು. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಪೀಠವಾದ ಮೇಲೆ ಆ ಬಾಗಿಲು ಇಲ್ಲಿಯೇ ತೆರೆದಿದೆ. ಸರಕಾರಿ ನೌಕರರ ಮೇಲಿನ ಇಲಾಖಾ ವಿಚಾರಣೆಯಲ್ಲಿಯೂ ಚಾರ್ಜ್‌ಶೀಟ್ ಎಂಬ ಪದವೇ ನಡೆಯುತ್ತದೆ, ಆದರೆ ಅದು ಶಿಸ್ತಿನ ವಿಷಯ, ಅಪರಾಧದ ಮೊಕದ್ದಮೆಯಲ್ಲ. ಒಬ್ಬ ಗುಮಾಸ್ತನಿಗೆ ಚಾರ್ಜ್‌ಶೀಟ್ ಕೊಟ್ಟರು ಎಂದಾಗ ಅವನು ಜೈಲಿನ ದಾರಿಯಲ್ಲಿದ್ದಾನೆ ಎಂದು ಭಾವಿಸಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ಈ ಅರ್ಥಗಳನ್ನು ಬೇರೆಮಾಡಿ ತೋರಿಸುವುದು ಚಾರ್ಜ್ ಪದದ ಹಿಂದೆಮುಂದೆ ಬರುವ ಪುಟ್ಟ ಪದಗಳು. ಸೇವೆಗೆ ಹಣ ಕೇಳಿದರೆ ಚಾರ್ಜ್ ಫಾರ್, ಅಪರಾಧ ಹೊರಿಸಿದರೆ ಚಾರ್ಜ್ ವಿತ್, ಮೈಮೇಲೆ ನುಗ್ಗಿದರೆ ಚಾರ್ಜ್ ಅಟ್, ಖರ್ಚನ್ನು ಯಾರದೋ ಲೆಕ್ಕಕ್ಕೆ ಹಾಕಿದರೆ ಚಾರ್ಜ್ ಟು. ಅಕ್ಯೂಸ್ ಪದದ ಜೊತೆಗೆ ಆಫ್ ಬರುತ್ತದೆ. ಆ ರೂಢಿಯಿಂದ ಚಾರ್ಜ್ ಪದಕ್ಕೂ ಆಫ್ ಹಚ್ಚುವುದು ನಮ್ಮಲ್ಲಿ ಬಹಳ ಕಂಡುಬರುವ ತಪ್ಪು. ಇದಕ್ಕಿಂತ ನಾಜೂಕಾದ ಜೋಡಿ ಅಧಿಕಾರದ ಅರ್ಥದಲ್ಲಿದೆ. ಇನ್ ಚಾರ್ಜ್ ಆಫ್ ಎಂದರೆ ನೋಡಿಕೊಳ್ಳುವವನು; ನಡುವೆ ಒಂದು 'ದ' ಸೇರಿ ಇನ್ ದ ಚಾರ್ಜ್ ಆಫ್ ಎಂದಾದರೆ ನೋಡಿಕೊಳ್ಳಲ್ಪಡುವವನು. ವಾರ್ಡನ್ ಹಾಸ್ಟೆಲಿನ ಹುಡುಗರ ಇನ್ ಚಾರ್ಜ್, ಹುಡುಗರು ವಾರ್ಡನ್ನಿನ ಇನ್ ದ ಚಾರ್ಜ್. ಇಂಗ್ಲಿಷಿನಲ್ಲಿ ಒಬ್ಬರ ಪಾಲನೆಯಲ್ಲಿರುವ ಮಗುವನ್ನೇ ಅವರ ಚಾರ್ಜ್ ಎಂದು ಕರೆಯುವುದುಂಟು. ಹೊರುವವನಿಗೂ ಹೊರೆಗೂ ಒಂದೇ ಪದ ಆಗಿದ್ದರಿಂದ ಈ ಗೊಂದಲ.

ನಮ್ಮ ಕಚೇರಿಗಳಲ್ಲಿ ಈ ಅಧಿಕಾರದ ಅರ್ಥ ಬಹಳ ಗಟ್ಟಿಯಾಗಿ ಉಳಿದಿದೆ. ವರ್ಗವಾದ ಅಧಿಕಾರಿ ಚಾರ್ಜ್ ಕೊಡುತ್ತಾರೆ, ಬಂದವರು ಚಾರ್ಜ್ ತೆಗೆದುಕೊಳ್ಳುತ್ತಾರೆ, ಇಬ್ಬರೂ ಪ್ರಭಾರ ವರ್ಗಾವಣೆಯ ಪತ್ರಕ್ಕೆ ಸಹಿ ಮಾಡುತ್ತಾರೆ. ಸಿಟಿಸಿ ಎಂಬ ಮೂರಕ್ಷರದ ಹೆಸರಿನಲ್ಲಿ ಅದು ಎಲ್ಲ ನೌಕರರಿಗೂ ಪರಿಚಿತ. ಹುದ್ದೆ ಖಾಲಿ ಇದ್ದಾಗ ಪಕ್ಕದವರಿಗೆ ಬರುವುದು ಹೆಚ್ಚುವರಿ ಪ್ರಭಾರ. ಜಿಲ್ಲೆಗೊಬ್ಬ ಸಚಿವರಿಗೆ ಮಾತ್ರ ನಾವು ಪ್ರಭಾರ ಎನ್ನದೆ 'ಉಸ್ತುವಾರಿ' ಎನ್ನುತ್ತೇವೆ, ಅದು ಒಳ್ಳೆಯ ಆಯ್ಕೆ. ಪ್ರಭಾರದಲ್ಲಿ ತಾತ್ಕಾಲಿಕತೆಯ ವಾಸನೆ ಇದೆ, ಉಸ್ತುವಾರಿಯಲ್ಲಿ ಮೇಲಿನಿಂದ ನೋಡಿಕೊಳ್ಳುವ ಭಾವವಿದೆ. ರೆಸ್ಪಾನ್ಸಿಬಿಲಿಟಿ ಎಂಬುದು ಇವೆರಡಕ್ಕಿಂತ ಬೇರೆ. ಅದು ಉತ್ತರ ಕೊಡಬೇಕಾದ ಬಾಧ್ಯತೆ, ಚಾರ್ಜ್ ಕೊಟ್ಟು ಹೋದ ಮೇಲೂ ಕೆಲವೊಮ್ಮೆ ಬೆನ್ನು ಬಿಡುವುದಿಲ್ಲ.

ನುಗ್ಗುವ ಅರ್ಥ ಯುದ್ಧಭೂಮಿಯಿಂದ ಬಂದದ್ದು. ಆಯುಧವನ್ನು ಹೊಡೆತಕ್ಕೆ ಸಿದ್ಧವಾಗಿ ಹಿಡಿಯುವುದಕ್ಕೆ ಚಾರ್ಜ್ ಎನ್ನುತ್ತಿದ್ದರು. ಹಾಗೆ ಹಿಡಿದು ಶತ್ರುವಿನ ಮೇಲೆ ತನ್ನ ಪೂರ್ತಿ ಭಾರ ಹಾಕಿ ಏರಿಹೋಗುವುದೂ ಚಾರ್ಜ್ ಆಯಿತು. ಅಟ್ಯಾಕ್ ಎಂಬುದಕ್ಕೂ ಇದಕ್ಕೂ ಇರುವ ಅಂತರವನ್ನು ತಿಳಿಯಲು ಹಾವೇರಿ ಜಿಲ್ಲೆಯ ಹೋರಿ ಬೆದರಿಸುವ ಸ್ಪರ್ಧೆಯನ್ನು ನೋಡಿದವರಿಗೆ ಕಷ್ಟವಿಲ್ಲ. ದೀಪಾವಳಿಯ ಹೊತ್ತಿಗೆ ಶುರುವಾಗುವ ಆ ಸ್ಪರ್ಧೆಗಳಲ್ಲಿ ಕೊರಳಿಗೆ ಕೊಬ್ಬರಿ ಸರ ಕಟ್ಟಿಸಿಕೊಂಡ ಹೋರಿ, ಎರಡೂ ಬದಿಗೆ ನಿಂತ ಜನರ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ತಲೆ ತಗ್ಗಿಸಿ, ಒಂದೇ ದಿಕ್ಕಿಗೆ, ಎದುರಿಗೆ ಸಿಕ್ಕಿದ್ದನ್ನು ಲೆಕ್ಕಿಸದೆ ಬರುತ್ತದೆ. ಅದು ಚಾರ್ಜ್. ನಾಯಿ ಸುತ್ತುವರಿದು ಕಚ್ಚಿದರೆ ಅಟ್ಯಾಕ್ ಆದೀತು, ಚಾರ್ಜ್ ಆಗಲಾರದು. ಕನ್ನಡದಲ್ಲಿ ಇದಕ್ಕೆ 'ದಾಳಿ'ಗಿಂತ ನುಗ್ಗು, ಏರಿ ಬರು, ಹಾಯ್ದು ಬರು ಎಂಬ ಕ್ರಿಯಾಪದಗಳೇ ಸರಿ. ಲಾಠಿ ಚಾರ್ಜ್ ಎಂಬುದು ನಮ್ಮ ದೇಶದಲ್ಲಿಯೇ ಹುಟ್ಟಿದ ಇಂಗ್ಲಿಷ್. ಇದನ್ನು ಪತ್ರಿಕೆಗಳು ಲಾಠಿ ಪ್ರಹಾರ ಎಂದು ಬರೆಯುತ್ತವೆ. ಪ್ರಹಾರದಲ್ಲಿ ಹೊಡೆತ ಮಾತ್ರ ಇದೆ. ಚಾರ್ಜಿನಲ್ಲಿ ಗುಂಪನ್ನು ಚದುರಿಸಲು ಸಾಲುಗಟ್ಟಿ ಮುನ್ನುಗ್ಗುವ ಚಲನೆಯೂ ಇದೆ, ಅದು ಅನುವಾದದಲ್ಲಿ ಬಿಟ್ಟುಹೋಗಿದೆ.

ಬಂದೂಕಿಗೆ ತುಂಬುವ ಮದ್ದಿನ ಅಳತೆಗೂ ಚಾರ್ಜ್ ಎಂಬ ಹೆಸರಿತ್ತು. ವಿದ್ಯುತ್ತಿನ ಅರ್ಥಕ್ಕೆ ಹತ್ತಿರದ ಮೆಟ್ಟಿಲು ಇದು. 18ನೆಯ ಶತಮಾನದಲ್ಲಿ ಗಾಜಿನ ಜಾಡಿಗಳಲ್ಲಿ ವಿದ್ಯುತ್ತನ್ನು ಕೂಡಿಟ್ಟು ಪ್ರಯೋಗ ಮಾಡುತ್ತಿದ್ದವರಿಗೆ, ಜಾಡಿಯನ್ನು ತುಂಬಿ ಒಮ್ಮೆಲೇ ಖಾಲಿ ಮಾಡುವುದು ಬಂದೂಕಿಗೆ ಮದ್ದು ತುಂಬಿ ಹಾರಿಸುವಂತೆ ಕಂಡಿತು. 1740ರ ದಶಕದ ಕೊನೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪತ್ರಗಳಲ್ಲಿ ಚಾರ್ಜ್, ಪಾಸಿಟಿವ್, ನೆಗೆಟಿವ್ ಎಂಬ ಪದಗಳನ್ನು ಬಳಸಿದ. ತೋಪುಗಳ ಸಾಲಿಗಿದ್ದ ಬ್ಯಾಟರಿ ಎಂಬ ಹೆಸರನ್ನು ಜಾಡಿಗಳ ಸಾಲಿಗೆ ಕೊಟ್ಟವನೂ ಅವನೇ. ಇಂದು ಭೌತಶಾಸ್ತ್ರದಲ್ಲಿ ಚಾರ್ಜ್ ಎಂದರೆ ಕಣಗಳ ಒಂದು ಮೂಲಗುಣ, ಅದರ ಅಳತೆ ಕೂಲಂಬ್. ತಂತಿಯಲ್ಲಿ ಸೆಕೆಂಡಿಗೆ ಒಂದು ಕೂಲಂಬ್ ಹರಿದರೆ ಅದು ಒಂದು ಆಂಪಿಯರ್ ಕರೆಂಟ್.

ಫೋನಿನ ಬ್ಯಾಟರಿಯ ಮೇಲೆ ಬರೆದಿರುವ ಮಿಲಿಆಂಪಿಯರ್-ಅವರ್ ಕೂಡ ಚಾರ್ಜಿನ ಅಳತೆಯೇ. 5,000 ಎಂದು ಬರೆದಿದ್ದರೆ, 5 ಆಂಪಿಯರನ್ನು ಒಂದು ಗಂಟೆಯ 3,600 ಸೆಕೆಂಡುಗಳಿಂದ ಗುಣಿಸಿ 18,000 ಕೂಲಂಬ್ ಎಂದು ಲೆಕ್ಕ ಹಾಕಬಹುದು. ಆದರೆ ಅಷ್ಟು ಚಾರ್ಜ್ ಬ್ಯಾಟರಿಯೊಳಗೆ ಹೆಚ್ಚುವರಿಯಾಗಿ ಬಂದು ಕುಳಿತಿದೆ ಎಂದಲ್ಲ. ಒಂದು ತುದಿಯಿಂದ ಎಷ್ಟು ಒಳಗೆ ಹೋಗುತ್ತದೆಯೋ ಇನ್ನೊಂದು ತುದಿಯಿಂದ ಅಷ್ಟೇ ಹೊರಗೆ ಬರುತ್ತದೆ. ಬ್ಯಾಟರಿ ಒಟ್ಟಾರೆ ತಟಸ್ಥವಾಗಿಯೇ ಉಳಿಯುತ್ತದೆ. ಅದರಲ್ಲಿ ತುಂಬಿರುವುದು ರಾಸಾಯನಿಕ ರೂಪದ ಶಕ್ತಿ. 'ಚಾರ್ಜ್ ತುಂಬಿದೆ' ಎಂಬ ನಮ್ಮ ಮಾತು ಭೌತಶಾಸ್ತ್ರದ ಅರ್ಥದಲ್ಲಿ ಪೂರ್ತಿ ಸರಿಯಲ್ಲ, ಆದರೆ ತುಂಬುವುದು, ಹೇರುವುದು ಎಂಬ ಪದದ ಮೂಲ ಅರ್ಥದಲ್ಲಿ ಸರಿಯೇ. ಶಾಲೆಯ ಪುಸ್ತಕಗಳಲ್ಲಿ ಈ ಚಾರ್ಜನ್ನು ವಿದ್ಯುದಾವೇಶ ಎನ್ನುತ್ತಾರೆ. ಒಳಹೊಕ್ಕು ತುಂಬಿಕೊಳ್ಳುವುದು ಆವೇಶ. ಮೈದುಂಬಿ ಮಾತನಾಡಿದ ಭಾಷಣವನ್ನು ನಾವು ಆವೇಶಭರಿತ ಎನ್ನುತ್ತೇವೆ, ಇಂಗ್ಲಿಷಿನವರು ಅದನ್ನೇ ಚಾರ್ಜ್ಡ್ ಎನ್ನುತ್ತಾರೆ.

ಹೊರೆ ಹೇರುವ ಪದದ ಹಿಂದೆ 'ರೀ' ಬಂದರೆ ಮತ್ತೆ ತುಂಬುವುದು. ಮೊಬೈಲಿಗೆ ಹಣ ಕಟ್ಟುವ ರೀಚಾರ್ಜಿಗೂ ಅದರ ಬ್ಯಾಟರಿಗೂ ಸಂಬಂಧವಿಲ್ಲ. ಗದಗ, ಹಾವೇರಿಯ ಬಯಲಿನಲ್ಲಿ ಬತ್ತಿದ ಕೊಳವೆಬಾವಿಯ ಸುತ್ತ ಗುಂಡಿ ತೆಗೆದು, ಕಲ್ಲು, ಜಲ್ಲಿ, ಉಸುಕು ತುಂಬಿ ಮಳೆನೀರನ್ನು ಭೂಮಿಗೆ ಇಂಗಿಸುವುದಕ್ಕೂ ರೀಚಾರ್ಜ್ ಎನ್ನುತ್ತಾರೆ. ಮರುಪೂರಣ ಎಂಬ ಕನ್ನಡ ಪದ ಇಲ್ಲಿ ಚೆನ್ನಾಗಿ ನೆಲೆಯಾಗಿದೆ. 'ಡಿಸ್' ಬಂದರೆ ಹೊರೆ ಇಳಿಯುತ್ತದೆ, ಮತ್ತು ಏನು ಇಳಿಯಿತು ಎಂಬುದು ಮತ್ತೆ ಸಂದರ್ಭಕ್ಕೆ ಬಿಟ್ಟದ್ದು. ಆಸ್ಪತ್ರೆಯಿಂದ ರೋಗಿ ಡಿಸ್ಚಾರ್ಜ್ ಆಗುತ್ತಾನೆ, ಹುಬ್ಬಳ್ಳಿ-ಧಾರವಾಡಕ್ಕೆ ನೀರು ಕೊಡುವ ಮಲಪ್ರಭೆಯ ನವಿಲುತೀರ್ಥ ಜಲಾಶಯದಿಂದ ನೀರು ಡಿಸ್ಚಾರ್ಜ್ ಆಗುತ್ತದೆ, ತೀರಿಸಿದ ಸಾಲ ಡಿಸ್ಚಾರ್ಜ್ ಆಗುತ್ತದೆ. ನ್ಯಾಯಾಲಯದಲ್ಲಿ ಆರೋಪಿಯೂ ಡಿಸ್ಚಾರ್ಜ್ ಆಗಬಹುದು, ಅದನ್ನು ಖುಲಾಸೆ ಎಂದು ಬರೆಯುವ ರೂಢಿ ಮಾತ್ರ ಬಿಡಬೇಕಾದದ್ದು. ಖುಲಾಸೆ ಎಂದರೆ ಅಕ್ವಿಟಲ್: ಆರೋಪ ರೂಪಿಸಿ, ಸಾಕ್ಷಿಗಳ ವಿಚಾರಣೆ ನಡೆಸಿ, ಕೊನೆಗೆ ತಪ್ಪು ರುಜುವಾತಾಗದೆ ಬಿಡುವುದು. ಡಿಸ್ಚಾರ್ಜ್ ಅದಕ್ಕಿಂತ ಬಹಳ ಮುಂಚಿನ ಹಂತ. ಪೊಲೀಸರ ವರದಿಯಲ್ಲಿ ವಿಚಾರಣೆಗೆ ಸಾಕಾಗುವಷ್ಟು ಆಧಾರವೇ ಇಲ್ಲವೆಂದು ನ್ಯಾಯಾಧೀಶರು ಕಾರಣ ಬರೆದು, ಆರೋಪವನ್ನು ಹೊರಿಸದೆಯೇ ಆ ವ್ಯಕ್ತಿಯನ್ನು ಕಳುಹಿಸಿಕೊಡುವುದು ಅದು.